ಕಾಫಿಯ ತವರೂರಲ್ಲಿ: ಅಡಿಸ್ ಅಬಾಬಾ

ನಮಸ್ಕಾರ. ಈಗ ಬೆಳಗಿನ ಏಳು ಗಂಟೆ. ಆದರೆ ಇಲ್ಲಿಯವರನ್ನು ಕೇಳಿದರೆ ಒಂದು ಗಂಟೆ ಅನ್ನುತ್ತಾರೆ. ಇಥಿಯೋಪಿಯಾದಲ್ಲಿ ಗಂಟೆಯ ಲೆಕ್ಕ ಹೊತ್ತು ಹುಟ್ಟಿದ ಮೇಲೆ ಶುರು. ನಮ್ಮ ಪಂಚಾಂಗದಲ್ಲೂ ದಿನ ಸೂರ್ಯೋದಯಕ್ಕೇ ಶುರುವಾಗುತ್ತೆ, ಅಲ್ವಾ? ನಿನ್ನೆ ಡ್ರೈವರಣ್ಣ 'ನಾಳೆ ಒಂದು ಗಂಟೆಗೆ ಬರುತ್ತೇನೆ' ಅಂದಾಗ ನಾನು ಮಧ್ಯಾಹ್ನ ಅಂದುಕೊಂಡೆ. ಅವರು ಬೆಳ್ಳಂಬೆಳಿಗ್ಗೆ ಬಂದು ಬಾಗಿಲು ತಟ್ಟಿದರು.

ಕಾರು ಎಂಟೋಟೊ ಬೆಟ್ಟ ಹತ್ತುತ್ತಿದೆ. ಕೆಳಗೆ ಕಾಣುವ ಊರೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿದೆ, 2,300 ಮೀಟರ್‌ಗಿಂತ ಜಾಸ್ತಿ. ನಾಲ್ಕು ಹೆಜ್ಜೆ ಬೇಗ ಹಾಕಿದರೂ ಏದುಸಿರು ಬರುತ್ತೆ. ಮೆನೆಲಿಕ್ ದೊರೆಯ ಬಿಡಾರ ಮೊದಲು ಈ ಬೆಟ್ಟದ ಮೇಲಿತ್ತು. ಕೆಳಗಿನ ಬಿಸಿನೀರ ಬುಗ್ಗೆಗಳು ರಾಣಿ ತೈತುಗೆ ತುಂಬಾ ಇಷ್ಟವಾದವು. 1886ರಲ್ಲಿ ಅಲ್ಲೇ ಊರು ಶುರುವಾಯಿತು. ಅಡಿಸ್ ಅಬಾಬಾ ಅಂದರೆ ಅಮ್ಹಾರಿಕ್‌ನಲ್ಲಿ 'ಹೊಸ ಹೂವು'. ಹೆಸರಿಟ್ಟವರೂ ರಾಣಿಯೇ.

ಸುತ್ತ ಎಲ್ಲಿ ನೋಡಿದರೂ ನೀಲಗಿರಿ ಮರ. ಊರು ಬೆಳೆದ ಹಾಗೆ ಸೌದೆ ಖಾಲಿಯಾಗಿ, ರಾಜಧಾನಿಯನ್ನೇ ಬೇರೆ ಕಡೆ ಸಾಗಿಸುವ ಮಾತು ಬಂದಿತ್ತು. ಬೇಗ ಬೆಳೆಯುವ ಈ ಆಸ್ಟ್ರೇಲಿಯಾದ ಮರ ಊರನ್ನು ಉಳಿಸಿತು. ಇವತ್ತಿಗೂ ಹೆಂಗಸರು ಇದರ ಸೊಪ್ಪು-ಸೌದೆಯ ದೊಡ್ಡ ಹೊರೆ ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಇಳಿಯುತ್ತಾರೆ. ಬಾಗಿದ ಆ ಬೆನ್ನುಗಳನ್ನು ನೋಡಿ ಕ್ಯಾಮೆರಾ ಎತ್ತಲು ಮನಸ್ಸಾಗಲಿಲ್ಲ.

ಆಫ್ರಿಕನ್ ಯೂನಿಯನ್ನಿನ ಮುಖ್ಯ ಕಚೇರಿ ಇರುವುದೂ ಇದೇ ಊರಲ್ಲಿ. ಆದರೆ ನಾನು ಬಂದಿದ್ದು ಕಾಫಿಗೆ. ಇಲ್ಲಿ ಅದರ ಹೆಸರು ಬುನ್ನ.

ಬೀದಿ ಬದಿಯ ಸಣ್ಣ ಅಂಗಡಿ. ನೆಲಕ್ಕೆ ಹಸಿರು ಹುಲ್ಲು ಹರಡಿದ್ದಾರೆ. ಅಕ್ಕ ಹಸಿ ಬೀಜ ತೊಳೆದು, ಇದ್ದಿಲ ಒಲೆಯ ಮೇಲೆ ಹುರಿಯುತ್ತಿದ್ದಾರೆ. ಚಟಪಟ ಸದ್ದು ಕೇಳಿಸುತ್ತಿದೆಯಾ? ಹುರಿದ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ತಂದರು. ಕೈಯಿಂದ ಹೊಗೆಯನ್ನು ಮುಖಕ್ಕೆ ಎಳೆದುಕೊಳ್ಳಬೇಕು. ಆ ಘಮಕ್ಕೆ ನನ್ನ ಕಣ್ಣು ತುಂಬಿತು. ಅರೇಬಿಕಾ ಗಿಡದ ತವರು ಇದೇ ದೇಶದ ಕಾಡು. ಇಲ್ಲಿಂದ ಯೆಮೆನ್‌ಗೆ, ಅಲ್ಲಿಂದ ಬಾಬಾ ಬುಡನ್ ಅವರ ಜೊತೆ ನಮ್ಮ ಚಿಕ್ಕಮಗಳೂರಿಗೆ ಬಂತು ಅಂತ ಕೇಳಿಕೊಂಡೇ ಬೆಳೆದವರು ನಾವು.

ಉದ್ದ ಕತ್ತಿನ ಮಣ್ಣಿನ ಹೂಜಿ, ಅದರ ಹೆಸರು ಜೆಬೆನಾ. ಹಿಡಿಯಿಲ್ಲದ ಪುಟ್ಟ ಕಪ್ಪು. ಮೊದಲ ಸುತ್ತು ಅಬೋಲ್, ತುಂಬಾ ಗಟ್ಟಿ. ಅದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸಿದರೆ ತೋನಾ. ಮೂರನೆಯದು ಬೆರೆಕಾ, ಅಂದರೆ ಆಶೀರ್ವಾದ.

ಮೆರ್ಕಾಟೊ ಮಾರ್ಕೆಟ್‌ಗೆ ಹೊರಡಬೇಕಿತ್ತು. ಡ್ರೈವರಣ್ಣ ಪಕ್ಕದಲ್ಲೇ ಕೂತು ಎರಡನೇ ಕಪ್ಪು ಹೀರುತ್ತಿದ್ದಾರೆ. ನಾನು ಏಳಲು ಹೋದರೆ ಕೈ ಹಿಡಿದು ಕೂರಿಸಿದರು. ಬೆರೆಕಾ ಇನ್ನೂ ಬಂದಿಲ್ಲ.