ಅಡಕತ್ತರಿಯ ಗಿಣಿ, ಗೋಡೆಯ ಆನೆ

ಕೇಳುಗರೇ, ನಮಸ್ಕಾರ.

ಹಳೆಯ ಹಿತ್ತಾಳೆ ಅಡಕತ್ತರಿಗಳಲ್ಲಿ ಕೆಲವನ್ನು ಕೈಗೆತ್ತಿಕೊಂಡು ನೋಡಬೇಕು. ಕೀಲಿನ ಮೇಲೆ ಎರಡು ಗಿಣಿಗಳು ಎದುರುಬದುರು ಕೂತಿರುತ್ತವೆ. ಬೆರಳು ತಾಗಿ ತಾಗಿ ರೆಕ್ಕೆಯ ಗೆರೆಗಳೆಲ್ಲ ಸವೆದಿರುತ್ತವೆ. ಕೆಳಗೆ ಹರಿತವಾದ ಅಲಗು. ಅಡಕೆ ಕತ್ತರಿಸಲು ಗಿಣಿ ಬೇಕಿಲ್ಲ, ಅಲ್ವಾ? ಆದರೂ ಕೂರಿಸಿದ್ದಾರೆ.

ಗಿಣಿ ಮನ್ಮಥನ ವಾಹನ. ತಾಂಬೂಲ ಗಂಡ ಹೆಂಡಿರ ಸರಸಕ್ಕೂ ಬೇಕು, ಮನೆಗೆ ಬಂದವರ ಮರ್ಯಾದೆಗೂ ಬೇಕು. ಎಲೆ ಅಡಕೆ ಬದಲಾಯಿಸದೆ ಮದುವೆ ಮಾತು ಗಟ್ಟಿಯಾಗುತ್ತಿರಲಿಲ್ಲ. ಬೀಗರ ಮುಂದೆ ತಟ್ಟೆ ಇಟ್ಟಾಗ ಆ ಗಿಣಿಗಳೂ ಅವರ ಕಣ್ಣಿಗೆ ಬೀಳುತ್ತಿದ್ದವು. ಇದು ಅನುಕೂಲಸ್ಥರ ಮನೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಇಂಥದ್ದು ನಿಮ್ಮಲ್ಲಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಯಾರ ಮದುವೆಯಲ್ಲಿ ಬಂದದ್ದು ಅಂತ ಮನೆಯ ಹಿರಿಯರನ್ನು ಕೇಳಿ, ಬರೆದಿಡಿ.

ಆನೆಯ ಕಥೆ ಇನ್ನೂ ದೊಡ್ಡದು. ಬಾಗಿಲ ಮೇಲೆ ಗಜಲಕ್ಷ್ಮಿಯನ್ನು ಕೆತ್ತಿಸುತ್ತಿದ್ದರು. ಎರಡು ಆನೆಗಳು ಲಕ್ಷ್ಮಿಗೆ ನೀರೆರೆಯುತ್ತವೆ. ಆನೆ ಅಂದರೆ ಮಳೆ, ಮಳೆ ಅಂದರೆ ಬೆಳೆ. ಅದೇ ಆನೆ ಅರಮನೆಯಲ್ಲಿ ಅಧಿಕಾರದ ಗುರುತು. ಬೀಟೆ ಮರದ ಹಲಗೆಯಲ್ಲಿ ಚೂರುಗಳನ್ನು ಕೂರಿಸಿ ಮಾಡುವ ಮೈಸೂರಿನ ಪಟಗಳಲ್ಲಿ ದಸರಾ ಆನೆ ಮೂಡಿದ ಮೇಲೆ ಅರಸರ ಸವಾರಿ ಸಾಮಾನ್ಯರ ಮನೆಯ ಪಡಸಾಲೆಯ ಗೋಡೆಗೂ ಬಂತು. ಗೃಹಪ್ರವೇಶಕ್ಕೆ, ನಿವೃತ್ತಿಯ ಬೀಳ್ಕೊಡುಗೆಗೆ ಇವತ್ತಿಗೂ ಅದನ್ನೇ ಕೊಡುವವರಿದ್ದಾರೆ. ಸುಮ್ನೆ ಕೊಡುವುದಿಲ್ಲ. ನೀವು ನಮಗೆ ದೊಡ್ಡವರು ಅನ್ನುವ ಮಾತು ಅದರಲ್ಲಿದೆ.

ಆದರೆ ಒಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಹಿಂದೆ ಈ ಕುಸುರಿಗೆ ದಂತ ಬಳಸುತ್ತಿದ್ದರು. ಆನೆಯ ಅಂದಕ್ಕೆ ಆನೆಯದೇ ಬಲಿ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ಬಂದು ನಮ್ಮ ದೇಶದ ಆನೆಯ ದಂತದ ವ್ಯಾಪಾರಕ್ಕೆ ನಿಷೇಧ ಬಿತ್ತು. 1991ರಲ್ಲಿ ಆಫ್ರಿಕಾದಿಂದ ತರಿಸುತ್ತಿದ್ದ ದಂತಕ್ಕೂ ಅದೇ ನಿಯಮ ಬಂತು. ಕುಶಲಕರ್ಮಿಗಳು ಬೇರೆ ಬೇರೆ ಬಣ್ಣದ ಮರದ ಚೂರುಗಳಿಗೆ, ಬಿಳಿ ಬೇಕಾದಲ್ಲಿ ಪ್ಲಾಸ್ಟಿಕ್ಕಿಗೆ ಹೊರಳಿದರು.

ದಂತವಿಲ್ಲದ ಪಟಕ್ಕೆ ಆ ಘನತೆ ಇಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆನೆಯ ಆಕಾರಕ್ಕೆ ಬೀಟೆಯಲ್ಲಿ ಗುಳಿ ತೋಡಬೇಕು, ಕೂದಲೆಳೆ ಸಂದಿಯಿಲ್ಲದೆ ಚೂರು ಕೂರಿಸಬೇಕು, ಆಮೇಲೆ ಸೊಂಡಿಲ ಸುಕ್ಕುಗಳನ್ನು ಕೊರೆಯಬೇಕು. ಘನತೆ ಇರುವುದು ಈ ಕೆಲಸದಲ್ಲೇ. ಮೈಸೂರಿನ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮುಂದಿನ ಸಲ ಇಂಥ ಪಟ ಕೊಳ್ಳುವಾಗ ಸೊಂಡಿಲ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಎಲ್ಲೂ ತಡೆಯದಿದ್ದರೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ.

ನಮಸ್ಕಾರ.