ಅಂಜದೀವದ ಸಿಹಿನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಗೋವಾದ ನಕಾಶೆಯನ್ನು ಎದುರಿಗಿಟ್ಟುಕೊಂಡು ಕರಾವಳಿಗುಂಟ ಬೆರಳನ್ನು ದಕ್ಷಿಣಕ್ಕೆ ಇಳಿಸುತ್ತ ಹೋಗಿ. ನಾನು ಮೂವತ್ತು ವರ್ಷಗಳಿಂದ ಮನೆ ಮಾಡಿಕೊಂಡಿರುವ ವಾಸ್ಕೋ ಮೊದಲು ಸಿಗುತ್ತದೆ. ಆಮೇಲೆ ಬೇತುಲ್, ಪಾಳೊಳೆಂ, ಕೊನೆಗೆ ಪೋಳೆಂ. ಅಲ್ಲಿನ ತನಿಖಾ ಠಾಣೆ ದಾಟಿದರೆ ಕಾರವಾರ ತಾಲೂಕಿನ ಮಾಜಾಳಿ. ಗೋವಾ ಮುಗಿಯಿತು ಎಂದು ನಾವೆಲ್ಲ ಬಸ್ಸಿನಲ್ಲಿ ಕೂತು ಅಂದುಕೊಳ್ಳುವುದು ಅಲ್ಲಿಯೇ. ಆದರೆ ಬೆರಳನ್ನು ಎತ್ತಬೇಡಿ. ಕಾಳಿ ನದಿಯ ಅಳಿವೆ ದಾಟಿ, ಕಾರವಾರ ಬಂದರನ್ನೂ ದಾಟಿ ಇನ್ನಷ್ಟು ಕೆಳಗೆ ಬಂದರೆ ಬಿಣಗಾದ ಎದುರಿನ ಸಮುದ್ರದಲ್ಲಿ ಒಂದು ಚುಕ್ಕೆಯಿದೆ. ಸುತ್ತಲೂ ಕರ್ನಾಟಕದ ಕರೆ, ನಡುವೆ ಗೋವಾದ ಕಾಣಕೋಣ ತಾಲೂಕಿಗೆ ಸೇರಿದ ಒಂದು ತುಂಡು ನೆಲ. ಅದು ಅಂಜದೀವ.

ಉದ್ದ ಸುಮಾರು ಒಂದೂವರೆ ಕಿಲೋಮೀಟರು. ಪಡುವಣ ದಿಕ್ಕು ಪೂರ್ತಿ ಬಂಡೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಹೊಡೆತವನ್ನೆಲ್ಲ ಆ ಬಂಡೆಗಳೇ ತಿನ್ನುತ್ತವೆ. ಮೂಡಣ ಮಗ್ಗುಲು, ಅಂದರೆ ದಡದ ಕಡೆಗೆ ಮುಖ ಮಾಡಿದ ಮಗ್ಗುಲು, ಬೇರೆಯೇ ಲೋಕ. ಅಲ್ಲಿ ನೀರು ತಣ್ಣಗೆ ಮಲಗಿರುತ್ತದೆ, ಹಡಗು ಲಂಗರು ಹಾಕಬಹುದು. ಕಾರವಾರದ ಈ ಭಾಗದ ಶಿಲೆ ಬಹಳ ಹಳೆಯದು. ಮುಂಬಯಿಯ ಕಪ್ಪು ಬಸಾಲ್ಟ್ ಆರೂವರೆ ಕೋಟಿ ವರ್ಷಗಳ ಆಸುಪಾಸಿನದಾದರೆ, ನಮ್ಮ ಕಾರವಾರ ಕರಾವಳಿಯ ಮೂಲಶಿಲೆಗೆ ಇನ್ನೂರೈವತ್ತು ಕೋಟಿಗೂ ಮಿಕ್ಕ ವಯಸ್ಸು. ಆ ಲೆಕ್ಕದ ಮುಂದೆ ನಾನು ಹೇಳಹೊರಟಿರುವ ಏಳುನೂರು ವರ್ಷಗಳ ಕಥೆ ನಿನ್ನೆ ಮೊನ್ನೆಯದು.

ನಾನು ಅಂಕೋಲೆಯವರ ಮನೆಯ ಕೂಸು. ಅಂಕೋಲೆಯಲ್ಲಿ ಆರ್ಯಾದುರ್ಗೆಯ ಗುಡಿಯಿದೆ. ನಮ್ಮ ಅಜ್ಜಿ ಗುಡಿಯ ಮೆಟ್ಟಿಲು ಹತ್ತುವ ಮುಂಚೆ ವಾಯವ್ಯಕ್ಕೆ ತಿರುಗಿ, ಏನೂ ಕಾಣದ ಕಡೆಗೆ, ಒಮ್ಮೆ ಕೈ ಮುಗಿಯುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಅಮ್ಮ ಅಲ್ಲಿಂದ ಬಂದವಳು, ಅದು ಅವಳ ತವರು" ಎನ್ನುತ್ತಿದ್ದಳು. ದೇವಿಯ ಮೂಲಸ್ಥಾನ ಅಂಜದೀವವೆಂದೂ ದ್ವೀಪ ಪರರ ಪಾಲಾದಾಗ ಭಕ್ತರು ಅವಳನ್ನು ದೋಣಿಯಲ್ಲಿ ದಡಕ್ಕೆ ತಂದರೆಂದೂ ನಮ್ಮಲ್ಲಿ ನಂಬಿಕೆ. ಆರ್ಯಾದುರ್ಗೆಯ ಹೆಸರಿನಿಂದಲೇ ದ್ವೀಪಕ್ಕೆ ಹೆಸರು ಬಂತೆಂದು ಹೇಳುವವರೂ ಇದ್ದಾರೆ. ಹೆಸರಿನ ವ್ಯುತ್ಪತ್ತಿಯನ್ನು ಪಂಡಿತರು ನೋಡಿಕೊಳ್ಳಲಿ. ಆ ದ್ವೀಪದಲ್ಲಿ ಕಗ್ಗಲ್ಲಿನ ಒಂದು ಗುಡಿಯೂ ಅದರ ಪಕ್ಕದಲ್ಲಿ ಕೆರೆಯೂ ಇದ್ದುದಕ್ಕೆ ಮಾತ್ರ ಕಣ್ಣಾರೆ ಕಂಡವರ ಸಾಕ್ಷಿಯಿದೆ. ಅಜ್ಜಿಯ ಮಾತಿಗೆ ಅಷ್ಟು ಬಲ ಸಾಕು ಎಂದು ನನಗೆ ಅನ್ನಿಸುತ್ತದೆ.

ಸಾಕ್ಷಿ ಹೇಳಿದವರಲ್ಲಿ ಮೊದಲಿಗ ಇಬ್ನ್ ಬತೂತ. 1342ರ ಹೊತ್ತಿಗೆ ಆತ ಗೋವೆಯಿಂದ ದಕ್ಷಿಣಕ್ಕೆ ಹೊರಟಿದ್ದಾಗ ದಡಕ್ಕೆ ಹತ್ತಿರದ ಒಂದು ಚಿಕ್ಕ ದ್ವೀಪದಲ್ಲಿ ಇಳಿದ. ಅಲ್ಲಿ ಒಂದು ದೇವಾಲಯ, ಒಂದು ತೋಟ, ಒಂದು ನೀರಿನ ಕೊಳ ಇದ್ದುವೆಂದು ಹೇಳಿದ್ದಾನೆ. ಅದು ಅಂಜದೀವವೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಗುಡಿಯ ಗೋಡೆಗೆ ಒರಗಿ, ಎರಡು ವಿಗ್ರಹಗಳ ನಡುವೆ, ಒಬ್ಬ ಜೋಗಿ ಕೂತಿದ್ದನಂತೆ. ಮಾತನಾಡಿಸಿದರೆ ಮಾತಿಲ್ಲ. ಜೋಗಿ ಒಮ್ಮೆ ಕೂಗಿದಾಗ ಮರದಿಂದ ತೆಂಗಿನಕಾಯಿ ಬಿತ್ತು, ಅದನ್ನೆತ್ತಿ ಬಂದವರಿಗೆ ಕೊಟ್ಟ. ಹಣ ಕೊಡಹೋದರೆ ಮುಟ್ಟಲಿಲ್ಲ. ಪ್ರಪಂಚವನ್ನೆಲ್ಲ ಸುತ್ತಿದ ಯಾತ್ರಿಕ ಈ ಒಂದು ಗಳಿಗೆಯನ್ನು ಮರೆಯದೆ ಉಳಿಸಿಕೊಂಡನಲ್ಲ, ಅದು ನನಗೆ ಬಹಳ ಹಿಡಿಸುತ್ತದೆ.

ನೂರೈವತ್ತು ವರ್ಷಗಳ ಮೇಲೆ, 1498ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ತಿರುಗಿ ಹೋಗುತ್ತ ಇಲ್ಲಿ ಹಡಗು ನಿಲ್ಲಿಸಿದ. ಹಡಗುಗಳನ್ನು ದಡಕ್ಕೆಳೆದು ತಳ ಕೆರೆದು ಶುಚಿ ಮಾಡಬೇಕಿತ್ತು, ನೀರು ತುಂಬಿಕೊಳ್ಳಬೇಕಿತ್ತು. ಅವನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿ ಉಳಿದಿದೆ. ದೊಡ್ಡ ದೊಡ್ಡ ಕೆತ್ತುಗಲ್ಲುಗಳಿಂದ ಕಟ್ಟಿದ ಗುಡಿಯೊಂದು ಹಾಳಾಗಿ ಬಿದ್ದಿತ್ತು, ಗರ್ಭಗುಡಿಯೊಂದಕ್ಕೆ ಮಾತ್ರ ಹುಲ್ಲಿನ ಹೊದಿಕೆಯಿತ್ತು, ಅದರ ನಡುವೆ ಮೂರು ಕರಿಕಲ್ಲುಗಳಿದ್ದುವು, ಜನ ಅವನ್ನು ಪೂಜಿಸುತ್ತಿದ್ದರು ಎಂದು ಅದರಲ್ಲಿದೆ. ಗುಡಿಯ ಆಚೆಗೆ ಅದೇ ಕೆಲಸಗಾರಿಕೆಯ ಕಲ್ಲಿನ ಕೆರೆ. ಬೇಕಾದಷ್ಟು ನೀರು ತುಂಬಿಕೊಂಡೆವು ಎಂದೂ ಇದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಗುಡಿ ಮುರಿದುಬಿದ್ದಿದೆ, ಆದರೂ ಯಾರೋ ಬಂದು ಹುಲ್ಲು ಹೊದಿಸಿದ್ದಾರೆ. ಮಳೆಗಾಲ ಮುಗಿದಾಗ ದೋಣಿಯಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬಂದು, ಅಮ್ಮನ ತಲೆಯ ಮೇಲೆ ಸೋರಬಾರದೆಂದು ಸೂರು ಕಟ್ಟಿದವರು ಯಾರು? ಬಹುಶಃ ಬಿಣಗಾದ, ಅರ್ಗಾದ ಮೀನುಗಾರರ ಹಿರಿಯರು. ಇತಿಹಾಸದ ಪುಸ್ತಕಗಳು ಗಾಮನ ಹೆಸರನ್ನು ಹೇಳುತ್ತವೆ, ನಾನಿರುವ ಊರೂ ಅವನ ಹೆಸರನ್ನೇ ಹೊತ್ತಿದೆ. ಹುಲ್ಲು ಹೊದಿಸಿದವರ ಹೆಸರು ಎಲ್ಲಿಯೂ ಇಲ್ಲ. ಆ ಹುಲ್ಲಿನ ಮಾಡನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಉಪ್ಪುನೀರಿನ ನಡುವೆ ಸಿಹಿನೀರಿನ ಒರತೆ. ಅಂಜದೀವದ ಚರಿತ್ರೆಯನ್ನೆಲ್ಲ ಹಿಂಡಿದರೆ ಕೊನೆಗೆ ಉಳಿಯುವುದು ಇದೊಂದೇ ಎಂದು ನನ್ನ ತಿಳಿವಳಿಕೆ. ಬಂಡೆಯ ಬಿರುಕಿನಲ್ಲಿ ಮಳೆನೀರು ಇಳಿದು, ಕೆಳಗೆ ನಿಂತು, ಬೇಸಿಗೆಯಲ್ಲೂ ಒಸರುತ್ತಿತ್ತು. ಹಡಗಿನವರಿಗೆ ಅದು ಚಿನ್ನಕ್ಕಿಂತ ಹೆಚ್ಚು. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಅಲ್ಮೇಯ್ಡ ಇಲ್ಲಿ ಕೋಟೆ ಕಟ್ಟಿಸಿದ. ಒಂದೆರಡು ವರ್ಷವೂ ಉಳಿಸಿಕೊಳ್ಳಲಾಗದೆ ಪೋರ್ಚುಗೀಸರೇ ಅದನ್ನು ಕೆಡವಿ ಹೊರಟರು. ಮತ್ತೆ 1682ರಲ್ಲಿ ಬಂದು ಹೊಸ ಕೋಟೆಗೆ ಕಲ್ಲು ಹಾಕಿದರು. ಆಮೇಲೆ ಗೋವಾ, ದಮನ್, ದಿಯುಗಳ ಶಿಕ್ಷಿತರನ್ನು ಇಲ್ಲಿಗೆ ತಂದು ಬಿಡುತ್ತಿದ್ದರು. ಅವರು ಹತ್ತಿ ನೂಲುತ್ತಿದ್ದರು, ಕಾಲುಚೀಲ ಹೆಣೆಯುತ್ತಿದ್ದರು.

ಈ ಎರಡು ಕೋಟೆಗಳ ನಡುವಿನ ಕಾಲದಲ್ಲಿ ನಡೆದ ಒಂದು ಸಂಗತಿಯನ್ನು ಮುಂಬಯಿ ಕನ್ನಡಿಗರೂ ಕೇಳಿಸಿಕೊಳ್ಳಬೇಕು. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗಲ್ಲು ಮುಂಬಯಿಯನ್ನು ಇಂಗ್ಲೆಂಡಿನ ಅರಸನಿಗೆ ಬಳುವಳಿಯಾಗಿ ಕೊಟ್ಟಿತು. ಮರುವರ್ಷ ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ನಾನೂರಕ್ಕೂ ಹೆಚ್ಚು ಸೈನಿಕರೊಂದಿಗೆ ಬಂದ. ಪೋರ್ಚುಗೀಸ್ ವೈಸರಾಯ್ ಕಾಗದಪತ್ರ ಸರಿಯಿಲ್ಲವೆಂದು ಊರು ಬಿಟ್ಟುಕೊಡಲಿಲ್ಲ. ಹೋಗಲು ಜಾಗವಿಲ್ಲದ ಆ ಪಡೆ ಕೊನೆಗೆ ಬಂದು ಇಳಿದದ್ದು ಅಂಜದೀವದಲ್ಲಿ. ಎರಡು ವರ್ಷಕ್ಕೂ ಮಿಕ್ಕ ಕಾಯುವಿಕೆ. ಮಳೆ, ಜ್ವರ, ಹೊಟ್ಟೆಗೆ ಸರಿಯಾದ ಅನ್ನವಿಲ್ಲ. 1664ರಲ್ಲಿ ಶಿಪ್‌ಮನ್ ಅಲ್ಲಿಯೇ ತೀರಿಕೊಂಡ. 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬಯಿಯನ್ನು ವಹಿಸಿಕೊಂಡಾಗ ಬದುಕಿ ಉಳಿದಿದ್ದವರು ನೂರರ ಆಚೀಚೆ. ಉಳಿದವರೆಲ್ಲ ಇದೇ ಮಣ್ಣಿನಲ್ಲಿದ್ದಾರೆ. ಕಡಲು ದಾಟಿ ಬಂದ, ಓದುಬರಹ ಇದ್ದಿತೋ ಇಲ್ಲವೋ ಎಂಬಂಥ ಹಳ್ಳಿಯ ಹುಡುಗರು ಅವರು. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಹೋಟೆಲ್ ಕೆಲಸಕ್ಕೆಂದು ಹೊರಟು ಹೋದ ಮುಂಬಯಿ, ಇಂಗ್ಲಿಷರ ಮುಂಬಯಿಯಾಗಿ ಶುರುವಾದದ್ದು ಕಾರವಾರದ ಎದುರಿನ ಈ ಬಂಡೆಯ ಮೇಲಿನ ಗೋರಿಗಳಿಂದ.

ನಾನು ಆ ದ್ವೀಪದ ಮೇಲೆ ಕಾಲಿಟ್ಟಿರುವುದು ಒಂದೇ ಸಲ. ಆಗ ನೌಕಾನೆಲೆ ಇನ್ನೂ ಆಗಿರಲಿಲ್ಲ. ಫೆಬ್ರವರಿ ಎರಡರಂದು ಅಲ್ಲಿನ ಇಗರ್ಜಿಯ ಮೇರಿಯಮ್ಮ ಬ್ರೋತಾಸ್ ಮಾತೆಯ ಹಬ್ಬ, ಅಕ್ಟೋಬರ್ ನಾಲ್ಕರಂದು ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬ, ಆ ದಿನಗಳಲ್ಲಿ ಗೋವಾದ ಭಕ್ತರು ದೋಣಿಗಳಲ್ಲಿ ಹೋಗುತ್ತಿದ್ದರು. ನಮ್ಮ ಬಿಡಾರದ ಪಕ್ಕದ ಮನೆಯ ಬಾಯಿಯೊಬ್ಬರು ಕಾಣಕೋಣದವರು. "ನಿಮ್ಮ ದೇವಿಯ ಊರು ಎನ್ನುತ್ತೀರಲ್ಲ, ಬನ್ನಿ, ನಮ್ಮ ಸಾಯ್ಬಿಣಿಯನ್ನೂ ನೋಡುವಿರಂತೆ" ಎಂದು ಕರೆದರು. ಸಾಯ್ಬಿಣಿ ಎಂದರೆ ಕೊಂಕಣಿಯಲ್ಲಿ ಮೇರಿ ಮಾತೆ. ಫೆಬ್ರವರಿಯ ಬೆಳಗು, ಸಮುದ್ರ ಎಣ್ಣೆ ಸವರಿದಂತೆ ನುಣ್ಣಗಿತ್ತು. ದೂರದಿಂದ ಮೊದಲು ಕಂಡದ್ದು ಸುಣ್ಣ ಬಳಿದ ಇಗರ್ಜಿಯ ಬಿಳಿ ಮುಖ. ಇಳಿದ ಮೇಲೆ ಎಲ್ಲೆಲ್ಲೂ ಮರಗಳ ಬೇರು ಗೋಡೆಗಳನ್ನು ಅಪ್ಪಿಕೊಂಡಿದ್ದುವು. ಪೂಜೆ ಮುಗಿಸಿ ಬಂದ ಬಾಯಿ ನನ್ನ ಕೈಹಿಡಿದು ಬಾವಿಯ ಕಡೆಗೆ ಕರೆದೊಯ್ದರು.

ತೆಂಗಿನ ನಾರಿನ ಹಗ್ಗ, ತಾಮ್ರದ ಚಿಕ್ಕ ಕೊಡ. ಹಗ್ಗ ಉಜ್ಜಿ ಉಜ್ಜಿ ಬಾವಿಯ ಕಟ್ಟೆಗಲ್ಲಿನ ಅಂಚಿನಲ್ಲಿ ಬೆರಳು ಹಿಡಿಸುವಷ್ಟು ಗೀರುಗಳು ಬಿದ್ದಿದ್ದುವು. ನಾನು ಆ ಗೀರುಗಳಲ್ಲಿ ಬೆರಳಿಟ್ಟು ನೋಡಿದೆ, ನುಣುಪಾಗಿದ್ದುವು, ತಣ್ಣಗಿದ್ದುವು. ಒಂದು ತಲೆಮಾರಿನ ಹಗ್ಗ ಅಷ್ಟು ಆಳ ಕೊರೆಯಲಾರದು. ಬಾಯಿ ಕೊಡ ಬಗ್ಗಿಸಿದರು, ನಾನು ಬೊಗಸೆಯೊಡ್ಡಿದೆ. ಇಪ್ಪತ್ತು ಹೆಜ್ಜೆ ಕೆಳಗೆ ಅಲೆಯ ಸದ್ದು ಕೇಳುತ್ತಿತ್ತು. ತುಟಿಯ ಮೇಲೆ ದೋಣಿಯ ಉಪ್ಪು ಇನ್ನೂ ಇತ್ತು. ನೀರು ಮಾತ್ರ ಸಿಹಿ. ಅಜ್ಜಿಗೆಂದು ಒಂದು ಬಾಟಲಿ ತುಂಬಿಕೊಂಡು ಬಂದೆ. ಅವಳು ಅದನ್ನು ಕುಡಿಯಲಿಲ್ಲ, ದೇವರ ಕೋಣೆಯಲ್ಲಿಟ್ಟು, ದಿನಕ್ಕೊಂದು ಹನಿಯಂತೆ ಕಣ್ಣಿಗೆ ಒತ್ತಿಕೊಂಡಳು.

1961ರ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ಆ ವರ್ಷದ ನವೆಂಬರಿನಲ್ಲಿ ದ್ವೀಪದ ಮೇಲಿದ್ದ ಪೋರ್ಚುಗೀಸ್ ಸೈನಿಕರು ಸಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಕಾರವಾರದ ಕಡೆಯ ಒಬ್ಬ ಮೀನುಗಾರ ಗುಂಡಿಗೆ ಬಲಿಯಾದ. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಶುರುವಾದಾಗ ಅಂಜದೀವಕ್ಕೆ ಬಂದ ಯುದ್ಧನೌಕೆಗಳು ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು. ಕಾರವಾರ ಅಂದು ಮೈಸೂರು ರಾಜ್ಯದಲ್ಲಿತ್ತು, ಬಂದ ಹಡಗಿನ ಹೆಸರೂ ಮೈಸೂರು. ದ್ವೀಪದ ಮೇಲೆ ಬಿಳಿ ಬಾವುಟ ಕಂಡು ನಮ್ಮ ನಾವಿಕರು ದಡ ಹತ್ತಿದರು, ಆಗ ಬಾವುಟದ ಹಿಂದಿನಿಂದ ಗುಂಡು ಹಾರಿತು. ನೌಕಾಪಡೆಯ ಏಳು ಮಂದಿ ಅಲ್ಲಿ ಪ್ರಾಣ ಬಿಟ್ಟರು. ಪಣಜಿಯಲ್ಲಿ, ಮಡಗಾಂವಿನಲ್ಲಿ ವಿಮೋಚನೆಯ ದಿನ ಆಚರಿಸುವಾಗ ಈ ಏಳು ಮಂದಿಯನ್ನು ಹೆಸರು ಹಿಡಿದು ನೆನೆಯಬೇಕು. ನಾವು ಗೋವಾದಲ್ಲಿ ಬಾಳಿ ಬದುಕುತ್ತಿರುವ ಕನ್ನಡಿಗರಂತೂ ನೆನೆಯಲೇಬೇಕು.

ಈಗ ಅಂಜದೀವ ದ್ವೀಪವಾಗಿ ಉಳಿದಿಲ್ಲ. ಕಾರವಾರದಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಬಂಡೆ ಸುರಿದು ಕಟ್ಟಿದ ಅಲೆತಡೆ ಗೋಡೆ ದ್ವೀಪವನ್ನು ದಡಕ್ಕೆ ಹೊಲಿದುಬಿಟ್ಟಿದೆ. ಸಮುದ್ರದ ನಡುವಿನ ನೆಲ ಹೀಗೆ ನಮ್ಮ ಕಣ್ಣೆದುರಿಗೇ ಭೂಶಿರವಾಯಿತು. ನೆಲೆಗೆ ಇಟ್ಟ ಹೆಸರು ಕದಂಬ, ಬನವಾಸಿಯಲ್ಲಿ ಹುಟ್ಟಿ ಗೋವೆಯವರೆಗೂ ಬೆಳೆದ ಅರಸುಮನೆತನದ ಹೆಸರು. ಆ ಹೆಸರು ಕೇಳಿದಾಗ ಎದೆ ಉಬ್ಬುತ್ತದೆ. ಅದರ ಜೊತೆಗೇ, ನೆಲೆಗಾಗಿ ಮನೆ, ಗದ್ದೆ, ದೋಣಿ ಕಟ್ಟುವ ದಂಡೆ ಬಿಟ್ಟು ಎದ್ದ ಅರ್ಗಾ, ಅಮದಳ್ಳಿ ಕಡೆಯ ಸಾವಿರಾರು ಕುಟುಂಬಗಳ ನೆನಪೂ ಬರುತ್ತದೆ. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಕಚೇರಿ ಅಲೆದದ್ದನ್ನು ನನ್ನ ನೆಂಟರ ಮನೆಗಳಲ್ಲಿಯೇ ಕಂಡಿದ್ದೇನೆ.

ದೇಶದ ರಕ್ಷಣೆಗೆ ಬೇಕಾದ ಜಾಗಕ್ಕೆ ಎಲ್ಲರನ್ನೂ ಬಿಡಿ ಎಂದು ಕೇಳುವವನು ನಾನಲ್ಲ. ಹಬ್ಬದ ದೋಣಿಗಳು ನಿಂತುಹೋದುದರ ನೋವನ್ನು ಕಾಣಕೋಣದ ಹಿರಿಯರು ಹೇಳಿಕೊಳ್ಳುವಾಗ ಆ ನೋವು ನನಗೂ ತಾಗುತ್ತದೆ, ಅಷ್ಟೇ. ನನ್ನ ಕೋರಿಕೆ ಚಿಕ್ಕದು. ಅಲ್ಲಿನ ಕೆತ್ತುಗಲ್ಲುಗಳು, ಕೆರೆ, ಕೋಟೆಯ ಗೋಡೆ, ಇಗರ್ಜಿ, ಗೋರಿಗಳು ಇವೆಲ್ಲವನ್ನೂ ಬಲ್ಲವರು ಒಮ್ಮೆ ಅಳೆದು, ಚಿತ್ರ ತೆಗೆದು, ಕನ್ನಡದಲ್ಲೂ ಕೊಂಕಣಿಯಲ್ಲೂ ಬರೆದಿಡಬೇಕು. ಬೇರು ಕಲ್ಲನ್ನು ಸೀಳುವ ವೇಗ ನಾವು ಅರ್ಜಿ ಬರೆಯುವ ವೇಗಕ್ಕಿಂತ ಹೆಚ್ಚು. ಇನ್ನು ಮನೆಯಲ್ಲಿ ಕುಳಿತೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಯಲ್ಲಿ ಆ ದ್ವೀಪಕ್ಕೆ ಹೋಗಿ ಬಂದ ಅಜ್ಜ ಅಜ್ಜಿಯರಿದ್ದರೆ, ಅಲ್ಲಿ ಬಲೆ ಒಣಗಿಸಿದ, ನೀರು ಸೇದಿದ, ಹಬ್ಬದ ಅಡುಗೆ ಮಾಡಿದ ಯಾರಾದರೂ ಇದ್ದರೆ, ಮೊಬೈಲನ್ನು ಎದುರಿಗಿಟ್ಟು ಅವರ ಮಾತನ್ನು ಹಿಡಿದಿಡಿ. ನನ್ನ ಅಜ್ಜಿಯ ಮಾತನ್ನು ನಾನು ಹಾಗೆ ಹಿಡಿದಿಡಲಿಲ್ಲ.

ಮುಂದಿನ ಸಲ ಊರಿಗೆ ಹೋಗುವಾಗ ಬಸ್ಸಿನಲ್ಲಿ ಬಲಗಡೆಯ ಕಿಟಕಿ ಹಿಡಿಯಿರಿ. ಕಾರವಾರ ದಾಟಿ, ಹೊಸ ಸುರಂಗದಿಂದ ಹೊರಬಂದು ಬಿಣಗಾಕ್ಕೆ ಇಳಿಯುವಾಗ ಕಡಲಿನ ಕಡೆ ಕಣ್ಣಿಡಿ. ಹಸಿರು ಬೆನ್ನಿನ, ಕಪ್ಪು ಬುಡದ ಒಂದು ಉದ್ದನೆಯ ಗುಡ್ಡ ಕಾಣುತ್ತದೆ. ಅದೇ ಅಂಜದೀವ. ಅಜ್ಜಿ ಕೈ ಮುಗಿಯುತ್ತಿದ್ದುದು ಆ ಕಡೆಗೆ.

ನಮಸ್ಕಾರ.