ತೋಟದ ಮನೆಗೆ ಇಂಟರ್‌ಕಾಮ್: ಒಳಗಿಂದೊಳಗೆ ಫೋನ್ ರಿಂಗ್ ಆಗುವುದು ಹೇಗೆ?

[ದೃಶ್ಯ: ಮೂಡಿಗೆರೆ ಕಡೆಯ ಕಾಫಿ ತೋಟದ ಆಫೀಸ್ ಕೋಣೆ. ಮೇಜಿನ ಮೇಲೆ ಎರಡು ಲ್ಯಾಂಡ್‌ಲೈನ್ ಫೋನ್, ಎರಡರ ವೈರೂ ಒಂದೇ ಸಾಕೆಟ್‌ಗೆ.]

ನಮಸ್ಕಾರ. ಈ ಎರಡು ಫೋನ್ ನೋಡಿ. ಒಂದು ಬಂಗಲೆಯದು, ಇನ್ನೊಂದು ತೋಟದ ಲೆಕ್ಕ ಬರೆಯುವ ರೈಟರ್ ಆಫೀಸಿನದು. ಎರಡೂ ಒಂದೇ ಲೈನಿನಲ್ಲಿವೆ. ಹೊರಗಿನಿಂದ ಕರೆ ಬಂದರೆ ಎರಡೂ ರಿಂಗ್ ಆಗುತ್ತವೆ. ಹಾಗಾದರೆ ಬಂಗಲೆಯಿಂದ ಆಫೀಸಿಗೆ ಇದರಲ್ಲೇ ಕರೆ ಮಾಡಬಹುದು, ಅಲ್ವಾ? ಆಗುವುದಿಲ್ಲ.

ಕಾರಣ ಹೇಳುತ್ತೇನೆ. ರಿಸೀವರ್ ಎತ್ತಿದ ಕೂಡಲೇ ಫೋನಿನೊಳಗೆ ಎರಡು ತಂತಿ ಸೇರಿ ಕರೆಂಟ್ ಹರಿಯುತ್ತದೆ. ಕರೆ ಜೋಡಿಸುವ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಗೊತ್ತಾಗುವುದು ಅಷ್ಟೇ: ಈ ಲೈನ್ ಬಳಕೆಯಲ್ಲಿದೆ. ಬಳಕೆಯಲ್ಲಿರುವ ಲೈನಿಗೆ ಅದು ರಿಂಗ್ ಕಳಿಸುವುದಿಲ್ಲ. ಅಂದರೆ ನೀವು ಇಲ್ಲಿ ರಿಸೀವರ್ ಎತ್ತಿದ್ದೇ, ಅಲ್ಲಿನ ಫೋನ್ ರಿಂಗ್ ಆಗುವ ದಾರಿಯೂ ಮುಚ್ಚಿತು. ಆ ಕಡೆಯವರು ತಾವಾಗಿಯೇ ರಿಸೀವರ್ ಎತ್ತಿದರೆ ಮಾತೇನೋ ಕೇಳಿಸುತ್ತದೆ. ಆದರೆ ಎತ್ತಿ ಅಂತ ಅವರಿಗೆ ಹೇಳುವವರು ಯಾರು?

[ಹತ್ತಿರದ ದೃಶ್ಯ: ಎರಡು 9 ವೋಲ್ಟ್ ಬ್ಯಾಟರಿ, ಒಂದು ರೆಸಿಸ್ಟರ್]

ಮಾತಾಡುವುದು ಎಷ್ಟು ಸುಲಭ ಅಂತ ತೋರಿಸುತ್ತೇನೆ. ಹೊರಗಿನ ಲೈನ್ ಪೂರ್ತಿ ತೆಗೆದುಬಿಡಿ. ಎರಡು 9 ವೋಲ್ಟ್ ಬ್ಯಾಟರಿ, 300 ಓಮ್ ರೆಸಿಸ್ಟರ್ ಒಂದು, ಎರಡು ಫೋನ್. ಎಲ್ಲವನ್ನೂ ಒಂದರ ಹಿಂದೆ ಒಂದು ಸಾಲಾಗಿ ಸೇರಿಸಿ, ಕೊನೆಯ ತಂತಿಯನ್ನು ಮೊದಲಿನದಕ್ಕೆ ಕೂಡಿಸಿ.

[ಇನ್ನೊಂದು ಫೋನ್ ಪಕ್ಕದ ಕೋಣೆಯಲ್ಲಿ]

"ರೈಟ್ರೇ, ಕೇಳಿಸ್ತಾ ಇದೆಯಾ?"
"ಕೇಳಿಸ್ತಾ ಇದೆ, ಹೇಳಿ ಸರ್."

ಎಕ್ಸ್‌ಚೇಂಜ್ ಇಲ್ಲ, ಇಂಟರ್ನೆಟ್ ಇಲ್ಲ, ಮಾತು ಹೋಗುತ್ತಿದೆ. ಆದರೆ ಇಲ್ಲಿಯೂ ರಿಂಗ್ ಇಲ್ಲ. ಯಾರಿಗೆ ಬೇಕೋ ಅವರ ಫೋನನ್ನೇ ಆರಿಸುವ ದಾರಿಯೂ ಇಲ್ಲ. ದುಡ್ಡು ಕೊಟ್ಟು ಇಂಟರ್‌ಕಾಮ್ ಪೆಟ್ಟಿಗೆ ತರುವುದು ಮುಖ್ಯವಾಗಿ ಈ ಎರಡು ಕೆಲಸಕ್ಕೆ.

[ದೃಶ್ಯ: ಗೋಡೆಗೆ ಹಾಕಿದ ಸಣ್ಣ ಇಪಿಎಬಿಎಕ್ಸ್ ಪೆಟ್ಟಿಗೆ, ಮುಚ್ಚಳ ತೆಗೆದು]

ಅಂಗಡಿಯವರು ಇಂಟರ್‌ಕಾಮ್ ಅನ್ನುತ್ತಾರೆ, ಬಿಲ್ಲಿನಲ್ಲಿ ಇಪಿಎಬಿಎಕ್ಸ್ ಅಂತ ಇರುತ್ತದೆ. ಇದು ನಿಜಕ್ಕೂ ಒಂದು ಪುಟ್ಟ ಎಕ್ಸ್‌ಚೇಂಜ್. ಪ್ರತಿ ಫೋನಿಗೂ ಇಲ್ಲಿಂದ ಬೇರೆ ಬೇರೆ ಜೋಡಿ ತಂತಿ ಹೋಗುತ್ತದೆ. ನೀವು ರಿಸೀವರ್ ಎತ್ತಿದರೆ ಡಯಲ್ ಟೋನ್ ಕೊಡುವುದು ಈ ಪೆಟ್ಟಿಗೆ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಒಂದೊಂದು ಗುಂಡಿಗೂ ಒಂದೊಂದು ಜೋಡಿ ಸ್ವರ. ಅದನ್ನು ಕೇಳಿ ಪೆಟ್ಟಿಗೆ ನಂಬರ್ ತಿಳಿಯುತ್ತದೆ, ಆ ಫೋನಿನ ತಂತಿಗೆ ಮಾತ್ರ ರಿಂಗ್ ಕಳಿಸುತ್ತದೆ. ರಿಂಗ್ ಅಂದರೆ ಸುಮಾರು 75 ವೋಲ್ಟ್ ಎಸಿ. ಕೈಗೆ ತಾಗಿದರೆ ಚೆನ್ನಾಗಿಯೇ ಹೊಡೆಯುತ್ತದೆ. ಪೆಟ್ಟಿಗೆ ಆಫ್ ಮಾಡದೆ ತಂತಿ ಮುಟ್ಟಬೇಡಿ.

ಮನುಷ್ಯರ ಸಹಾಯವಿಲ್ಲದೆ ಕರೆ ಜೋಡಿಸುವ ಯಂತ್ರಕ್ಕೆ ಅಮೆರಿಕದ ಅಲ್ಮನ್ ಸ್ಟ್ರೌಜರ್ ಪೇಟೆಂಟ್ ಪಡೆದದ್ದು 1891ರಲ್ಲಿ. ನಮ್ಮ ರಾಜ್ಯಕ್ಕೂ ಈ ಕಥೆಯಲ್ಲಿ ಒಂದು ಒಳ್ಳೆಯ ಜಾಗವಿದೆ. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗಾಗಿ ಎಸಿ ಕೋಣೆ ಬೇಡದ 128 ಪೋರ್ಟಿನ ಎಕ್ಸ್‌ಚೇಂಜ್ ಮಾಡಿತಲ್ಲ, ಅದು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಗೋಡೆ ಮೇಲಿನ ಈ ಪೆಟ್ಟಿಗೆ ಅದೇ ವಂಶದ್ದು.

ಕೊಳ್ಳುವಾಗ 108, 308 ಅಂತ ಕೇಳುತ್ತೀರಿ. 108 ಅಂದರೆ ಹೊರಗಿನ ಲೈನ್ 1, ಒಳಗಿನ ಫೋನ್ 8. 308 ಅಂದರೆ ಹೊರಗೆ 3, ಒಳಗೆ 8. ಒಂದೇ ಹೊತ್ತಿಗೆ ಎಷ್ಟು ಜೋಡಿ ಮಾತಾಡಬಹುದು ಅಂತಲೂ ಕೇಳಿ. ಅಗ್ಗದ ಪೆಟ್ಟಿಗೆಗಳಲ್ಲಿ ಇದು ಕಡಿಮೆ ಇರಬಹುದು. ಹೊರಗಿನಿಂದ ಬಂದ ಕರೆಯನ್ನು ಇನ್ನೊಬ್ಬರಿಗೆ ದಾಟಿಸಲು ಸಾಮಾನ್ಯವಾಗಿ ಫೋನಿನ ಫ್ಲ್ಯಾಶ್ ಗುಂಡಿ ಒತ್ತಿ, ಅವರ ನಂಬರ್ ಒತ್ತಿದರೆ ಆಯಿತು.

[ದೃಶ್ಯ: ಬಂಗಲೆಯಿಂದ ಕೆಳಗೆ ಕಣ, ಪಲ್ಪರ್ ಮನೆ, ಆಚೆ ಕೆಲಸದವರ ಲೈನ್ ಮನೆಗಳು]

ಮೊಬೈಲ್ ಇರುವಾಗ ಇದೆಲ್ಲ ಯಾಕೆ? ಪೇಟೆಯ ಮನೆಗಾದರೆ ಬೇಡ, ಸುಮ್ನೆ ಖರ್ಚು. ಆದರೆ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಗುಡ್ಡದ ಮರೆಗೆ ಇಳಿದರೆ ನೆಟ್‌ವರ್ಕ್ ಇರುವುದಿಲ್ಲ. ರಾತ್ರಿ ಆನೆ ಕೆಲಸದವರ ಲೈನ್ ಮನೆ ಹತ್ತಿರ ಬಂದಿದೆ, ಯಾರಿಗೋ ಹಾವು ಕಚ್ಚಿದೆ ಅಂದಾಗ ಬಂಗಲೆಗೆ ತಿಳಿಸಲು ಯಾರನ್ನೋ ಕತ್ತಲಲ್ಲಿ ಓಡಿಸುವುದು ನನಗೆ ಸರಿ ಕಾಣುವುದಿಲ್ಲ. ಪೆಟ್ಟಿಗೆ ಹಾಕಿದರೆ ಮೊದಲ ಎಕ್ಸ್‌ಟೆನ್ಷನ್, ಅಂದರೆ ಒಳಗಿನ ಫೋನ್, ಲೈನ್ ಮನೆಗೇ ಕೊಡಿ. ಬಂಗಲೆಯ ಮಹಡಿಗೆ ಆಮೇಲೆ ಕೊಡಿ.

ದೂರದ ಭಯ ಬೇಡ. 0.5 ಮಿಲಿಮೀಟರ್ ತಾಮ್ರದ ಜೋಡಿ ತಂತಿ ಒಂದು ಕಿಲೋಮೀಟರ್ ಹೋದರೆ, ಹೋಗಿ ಬರುವ ದಾರಿ ಸೇರಿ ಸುಮಾರು 175 ಓಮ್ ತಡೆ. ಮಾಮೂಲಿ ಫೋನಿಗೆ 20 ಮಿಲಿಆಂಪಿಯರ್ ಸಾಕು. ಆ ಕರೆಂಟಿಗೆ ತಂತಿಯಲ್ಲಿ ಕಳೆದುಹೋಗುವುದು ಬರೀ 3.5 ವೋಲ್ಟ್. ಆದರೂ ಪೆಟ್ಟಿಗೆಯ ಕೈಪಿಡಿಯಲ್ಲಿ ಎಷ್ಟು ಓಮ್ ತನಕ ಅಂತ ಬರೆದಿರುತ್ತಾರೆ, ನೋಡಿಕೊಳ್ಳಿ. ನೆಟ್‌ವರ್ಕ್ ಮೇಲೆ ನಡೆಯುವ ಐಪಿ ಫೋನಿಗೆ ನೆಟ್‌ವರ್ಕ್ ಕೇಬಲ್ ಎಳೆದರೆ 100 ಮೀಟರಿಗೇ ಮುಗಿಯಿತು. ಕಾರ್ಡ್‌ಲೆಸ್ ಫೋನಿನ ಹ್ಯಾಂಡ್‌ಸೆಟ್‌ಗಳ ನಡುವೆಯೂ ಇಂಟರ್‌ಕಾಮ್ ಇರುತ್ತದೆ, ಆದರೆ ಹಳೆ ಬಂಗಲೆಯ ದಪ್ಪ ಗೋಡೆ ದಾಟುವಷ್ಟರಲ್ಲೇ ಅದಕ್ಕೆ ಸುಸ್ತು.

[ದೃಶ್ಯ: ಸಿಲ್ವರ್ ಓಕ್ ಮರಕ್ಕೆ ಮೊಳೆ ಹೊಡೆದು ಕಟ್ಟಿದ ವೈರ್]

ಈಗ ಇದನ್ನು ಗಮನವಿಟ್ಟು ನೋಡಿ. ತೋಟದಲ್ಲಿ ಇಂಟರ್‌ಕಾಮ್ ಹಾಳಾಗುವುದು ಹೆಚ್ಚಾಗಿ ಇಂಥ ಕಡೆಯಿಂದ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಕೊಂಬೆ ಬಿದ್ದು ತಂತಿ ತುಂಡಾಗುತ್ತದೆ. ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟಿಗೆ ಮಳೆಗಾಲದಲ್ಲಿ ನೀರು ಇಳಿದು, ಫೋನಿನಲ್ಲಿ ಗರಗರ ಶಬ್ದ ಶುರುವಾಗುತ್ತದೆ. ನೀರು ಇಳಿಯದಂತೆ ಒಳಗೆ ಜೆಲ್ ತುಂಬಿದ ಕೇಬಲ್ ತನ್ನಿ, ಪೈಪಿನಲ್ಲಿ ಹಾಕಿ ಹೂಳಿ. ಜಾಯಿಂಟ್ ಬೇಕೇ ಬೇಕು ಅಂದರೆ ಜೆಲ್ ತುಂಬಿದ ಕನೆಕ್ಟರ್ ಬಳಸಿ.

ಎಲ್ಲಕ್ಕಿಂತ ದೊಡ್ಡ ಶತ್ರು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಿಮಗೆ ಗೊತ್ತೇ ಇದೆ. ಸಿಡಿಲು ತಂತಿಗೇ ಬಡಿಯಬೇಕಿಲ್ಲ. ಹತ್ತಿರದಲ್ಲಿ ಬಡಿದರೂ ಉದ್ದ ತಂತಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಕಾರ್ಡ್ ಸುಟ್ಟುಹೋಗಬಹುದು. ಅದಕ್ಕೆ ಗ್ಯಾಸ್ ಟ್ಯೂಬ್ ಇರುವ ಅರೆಸ್ಟರ್ ಹಾಕಬೇಕು. ಮಾಮೂಲಿ ವೋಲ್ಟೇಜಿಗೆ ಅದು ಸುಮ್ಮನಿರುತ್ತದೆ. ವೋಲ್ಟೇಜ್ ಜಾಸ್ತಿಯಾದ ಕೂಡಲೇ ಒಳಗಿನ ಗ್ಯಾಸ್ ಕರೆಂಟಿಗೆ ದಾರಿ ಬಿಟ್ಟು ಅದನ್ನು ಭೂಮಿಗೆ ಇಳಿಸುತ್ತದೆ. ಪೆಟ್ಟಿಗೆಯ ಕಡೆ ಒಂದು, ದೂರದ ಫೋನಿನ ಕಡೆ ಇನ್ನೊಂದು ಬೇಕು. ಪೆಟ್ಟಿಗೆಯ ಕಡೆಯ ಅರೆಸ್ಟರ್‌ಗೂ ಪೆಟ್ಟಿಗೆಗೂ ಅರ್ಥಿಂಗ್ ಒಂದೇ ಇರಲಿ. ಬೇರೆ ಬೇರೆ ಅರ್ಥ್ ಕೊಟ್ಟರೆ ಸಿಡಿಲಿನ ಹೊತ್ತಿನಲ್ಲಿ ಎರಡರ ನಡುವೆಯೇ ವೋಲ್ಟೇಜ್ ನಿಂತು, ಹಾಕಿದ ರಕ್ಷಣೆ ವ್ಯರ್ಥವಾಗುತ್ತದೆ. ನೇರ ಹೊಡೆತಕ್ಕೆ ಇದೂ ಸಾಲದು. ಗುಡುಗುವಾಗ ತಂತಿ ಫೋನಿನಲ್ಲಿ ಯಾರೂ ಮಾತಾಡಬಾರದು, ಇದನ್ನು ಮನೆಯವರಿಗೂ ಕೆಲಸದವರಿಗೂ ಹೇಳಿಡಿ.

[ದೃಶ್ಯ: ಫೈಬರ್ ಮೋಡೆಮ್, ಪಕ್ಕದಲ್ಲಿ ಇನ್ವರ್ಟರ್]

ಹೊರಗಿನ ಲೈನ್ ಈಗ ಫೈಬರ್ ಆಗಿದ್ದರೂ ತೊಂದರೆ ಇಲ್ಲ. ಮೋಡೆಮ್ ಹಿಂದೆ ಫೋನ್ ಪೋರ್ಟ್ ಇದ್ದರೆ, ಅಲ್ಲಿಂದ ಪೆಟ್ಟಿಗೆಯ ಹೊರಲೈನ್ ಪೋರ್ಟಿಗೆ ವೈರ್ ಕೊಡಿ. ಎಕ್ಸ್‌ಟೆನ್ಷನ್ ಪೋರ್ಟಿಗೆ ಮಾತ್ರ ಕೊಡಬೇಡಿ. ಎರಡೂ ಕಡೆಯಿಂದ ಕರೆಂಟ್ ಬಂದು ಒಂದು ಹಾಳಾಗಬಹುದು. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯೇ ಕರೆಂಟ್ ಕೊಡುತ್ತಿತ್ತು, ಮೆಸ್ಕಾಂ ಕರೆಂಟ್ ಹೋದರೂ ಫೋನ್ ಇರುತ್ತಿತ್ತು. ಫೈಬರ್ ಮೋಡೆಮ್‌ಗೆ ಆ ಅನುಕೂಲವಿಲ್ಲ. ಹಾಗಾಗಿ ಮೋಡೆಮ್, ಪೆಟ್ಟಿಗೆ ಎರಡನ್ನೂ ಇನ್ವರ್ಟರ್‌ಗೆ ಹಾಕಿ. ದಿನಗಟ್ಟಲೆ ಕರೆಂಟ್ ಇಲ್ಲದ ಆಷಾಢದಲ್ಲಿ ಇನ್ವರ್ಟರ್ ಕರೆಂಟ್ ಉಳಿಸಬೇಕಾಗಿ ಬಂದರೆ ಮೋಡೆಮ್ ತೆಗೆಯಿರಿ, ಪೆಟ್ಟಿಗೆ ಬಿಡಿ. ಊರಾಚೆಗೆ ಕರೆ ಹೋಗುವುದಿಲ್ಲ, ಆದರೆ ಲೈನ್ ಮನೆಯಿಂದ ಬಂಗಲೆಗೆ ಫೋನ್ ರಿಂಗ್ ಆಗುತ್ತದೆ.